ಭಟ್ಟರ ಹೊಟ್ಟೆ ಮತ್ತು ಎಣ್ಣೂರಿನ ಫ್ಲಾಟು

ಹೋಟೆಲಿನ ಗಲ್ಲಾದಲ್ಲಿ ಕೂತವನ ಹತ್ತಿರ ಜನ ಬಿಲ್ಲು ಕೊಡುವುದಕ್ಕೆ ಮಾತ್ರ ಬರುತ್ತಾರೆ ಅಂದುಕೊಂಡಿದ್ದರೆ ನೀವು ಗಲ್ಲಾದಲ್ಲಿ ಕೂತವರಲ್ಲ. ಮಗಳಿಗೆ ಗಂಡು, ಹಲ್ಲುನೋವಿಗೆ ಡಾಕ್ಟರು, ಸರ್ಕಾರಿ ಅರ್ಜಿಗೆ ಬುದ್ಧಿ, ಎಲ್ಲಕ್ಕೂ ನಾನೇ ಆಗಬೇಕು. ನುಂಗಂಬಾಕ್ಕಂನ ನಮ್ಮ ಹೋಟೆಲಿನಲ್ಲಿ ಇಂಥದ್ದು ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಈಚಿನದು ನಮ್ಮ ದೋಸೆ ಭಟ್ಟರ ಮನೆಯ ವಿಷಯ. ಕುಂದಾಪುರದ ಕಡೆಯವರು. ಅಣ್ಣಾ ನಗರದ ಹಿಂದೆ ಒಂದು ವಠಾರದ ಒಂಟಿ ಕೋಣೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದರು. ವಠಾರ ಕೆಡವುತ್ತೇನೆ, ಖಾಲಿ ಮಾಡಿ ಅಂತ ಮನೆ ಮಾಲೀಕ ಹೇಳಿಬಿಟ್ಟ. ಅದೇ ಹೊತ್ತಿಗೆ ಎಣ್ಣೂರಿನ ಕಡೆ ಸರ್ಕಾರದವರು ಕಡಿಮೆ ವರಮಾನದವರಿಗೆ ಅಗ್ಗದ ಫ್ಲಾಟು ಕೊಡುತ್ತಾರೆ ಅಂತ ಸುದ್ದಿ ಬಂತು. ಮನೆಮಂದಿಯ ಒಟ್ಟು ವರಮಾನ ಅವರು ಹಾಕಿದ ಗೆರೆಯ ಒಳಗಿರಬೇಕು, ದಾಟಿದರೆ ಅರ್ಜಿ ಬುಟ್ಟಿಗೆ. ಭಟ್ಟರದ್ದು ಒಳಗೇ ಇತ್ತು, ಆದರೆ ಗೆರೆಗೆ ತಾಗಿಕೊಂಡೇ ಇತ್ತು. ಇರುವ ಬಡತನವನ್ನು ಸಾಬೀತು ಮಾಡುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ್ರೆ.

೧. ಧಣಿಗಳ ಮರ್ಯಾದೆ

ಮೊದಲು ಸಂಬಳದ ಪತ್ರ ಬೇಕು. ನಮ್ಮ ಧಣಿಗಳು ಒಳ್ಳೆಯವರೇ, ಆದರೆ ಮರ್ಯಾದೆಯ ಹುಚ್ಚು ಜಾಸ್ತಿ. ನನ್ನ ಹೋಟೆಲಿನ ಮುಖ್ಯ ಭಟ್ಟನಿಗೆ ಇಷ್ಟೇ ಸಂಬಳ ಅಂತ ಸರ್ಕಾರಕ್ಕೆ ಬರೆದುಕೊಟ್ಟರೆ ನನ್ನ ಮಾನ ಎಲ್ಲಿ ಉಳಿಯಿತು ಅಂತ ಶುರುಮಾಡಿದರು. ಪತ್ರದಲ್ಲಿ ಸಂಬಳವನ್ನು ಧಾರಾಳವಾಗಿ ಏರಿಸಿ, ಕೆಳಗೆ ಚಂದದ ಸಹಿ ಹಾಕಿ ನನ್ನ ಕೈಗಿತ್ತರು. ಆ ಪತ್ರ ಒಯ್ದರೆ ಭಟ್ಟರ ಫ್ಲಾಟು ಅಲ್ಲಿಗೇ ಕೈತಪ್ಪಿದ ಹಾಗೆ. ಭಟ್ಟರು ದೋಸೆ ಸಟ್ಟುಗ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದರು, ಮುಖ ಸಪ್ಪೆ.

ಧಣಿಗಳಿಗೆ ಎದುರು ಮಾತಾಡುವ ಅಭ್ಯಾಸ ನನಗಿಲ್ಲ. ಮೆಲ್ಲಗೆ ಇಷ್ಟೇ ಕೇಳಿದೆ, "ಹಾಗಾದರೆ ಈ ತಿಂಗಳಿಂದ ಇಷ್ಟೇ ಕೊಡುವುದಾ ಧಣಿ? ಗಲ್ಲಾದಿಂದ ತೆಗೆದಿಡಬೇಕಲ್ಲ."

ಧಣಿಗಳು ಪತ್ರ ವಾಪಸ್ಸು ತಗೊಂಡು ಹರಿದರು. ಸತ್ಯ ಬರೆಯುವುದಕ್ಕೆ ಅವರಿಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

೨. ಹೊಟ್ಟೆ ಯಾರದ್ದು

ಆಮೇಲೆ ತಾಲೂಕು ಕಚೇರಿಯಲ್ಲಿ ವರಮಾನದ ಸರ್ಟಿಫಿಕೇಟು. ಸಾದಾ ಬಟ್ಟೆಯಲ್ಲಿ ಬನ್ನಿ ಅಂತ ನಾನೇ ಹೇಳಿದ್ದೆ. ಭಟ್ಟರು ಇದ್ದುದರಲ್ಲಿ ಹಳೆಯ ಅಂಗಿ ಹಾಕಿಕೊಂಡು ಬಂದರು, ಅದರ ಕೆಳಗಿನ ಗುಂಡಿಗಳು ಹಾಕಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸಾಂಬಾರಿನ ಉಪ್ಪು, ಚಟ್ನಿಯ ಖಾರ, ಕೇಸರಿಭಾತಿನ ತುಪ್ಪ ಎಲ್ಲ ರುಚಿ ನೋಡಬೇಕಾದವರ ಹೊಟ್ಟೆ ಇನ್ನು ಹೇಗಿರುತ್ತದೆ? ಗುಮಾಸ್ತರು ಧಣಿಗಳ ಪತ್ರ ನೋಡಿದರು, ಭಟ್ಟರ ಹೊಟ್ಟೆ ನೋಡಿದರು, ಮತ್ತೆ ಪತ್ರ ನೋಡಿದರು. ಈ ಸಂಬಳದಲ್ಲಿ ಇದು ಹೇಗಪ್ಪಾ ಅಂತ ತಮಿಳಿನಲ್ಲಿ ಕೇಳಿಯೇಬಿಟ್ಟರು.

ನಾನು ಧಣಿಗಳ ಸಹಿ ತೋರಿಸಲು ಹೋದೆ. ಭಟ್ಟರು ಮಾತ್ರ ಕೈಮುಗಿದು ನಿಧಾನಕ್ಕೆ ಹೇಳಿದರು, "ಸಾರ್, ಸಂಬಳ ನನ್ನದು. ಹೊಟ್ಟೆ ಹೋಟೆಲಿಂದು."

ಸರ್ಟಿಫಿಕೇಟು ಸಿಕ್ಕಿತು. ಯಾವ ಹೋಟೆಲು ಅಂತ ಗುಮಾಸ್ತರು ವಿಳಾಸ ಕೇಳಿಕೊಂಡರು. ಈಗ ಅವರು ನಮ್ಮ ಖಾಯಂ ಗಿರಾಕಿ, ಅವರ ಅಂಗಿಯ ಕೆಳಗಿನ ಗುಂಡಿಯೂ ಈಚೆಗೆ ಕಷ್ಟದಲ್ಲಿದೆ.

೩. ಬೆಳ್ಳಿ ಲೋಟ

ಕೊನೆಗೆ ಉಳಿದದ್ದು ಮನೆ ತನಿಖೆ. ಅಧಿಕಾರಿಗಳೊಬ್ಬರು ಬಂದು ಕಣ್ಣಾರೆ ನೋಡಿ ಬರೆದರೆ ಮುಗಿಯಿತು. ಮನೆ ಇದ್ದ ಹಾಗೇ ಇರಲಿ, ಏನೂ ಮಾಡಬೇಡಿ ಅಂತ ಭಟ್ಟರ ಹೆಂಡತಿಗೆ ಹೇಳಿದ್ದೆ. ಆಯಿತು ಅಂದಿದ್ದರು.

ಆ ದಿನ ಹೋಗಿ ನೋಡುತ್ತೇನೆ, ಕೋಣೆಯ ನಡುವೆ ಮೆತ್ತೆ ಹಾಕಿದ ಕುರ್ಚಿ, ಮೂಲೆಯಲ್ಲಿ ನಿಲ್ಲಿಸುವ ಫ್ಯಾನು, ತಟ್ಟೆಯ ಮೇಲೆ ಬೆಳ್ಳಿ ಲೋಟ! ಎಲ್ಲ ವಠಾರದಿಂದ ಎರವಲು. ಇದೆಂತ ಮಾಡಿದ್ದು ಅಂತ ಕೇಳಿದರೆ ಭಟ್ಟರ ಹೆಂಡತಿಯೇ ನನಗೆ ಬೈದರು.

"ಮನೆಗೆ ಬಂದವರನ್ನು ಹರಕು ಚಾಪೆಯ ಮೇಲೆ ಕೂರಿಸೂದಾ? ನಮಗೆ ಅಷ್ಟೂ ಗೊತ್ತಾಗುದಿಲ್ವಾ?"

ತೆಗೆಯೋಣ ಅನ್ನುವಷ್ಟರಲ್ಲಿ ಅಧಿಕಾರಿಗಳು ಒಳಗೆ ಬಂದಾಯಿತು. ಕುರ್ಚಿಯಲ್ಲಿ ಕೂತರು, ಫ್ಯಾನಿನ ಗಾಳಿಗೆ ಹಾಯಾಗಿ ಉಸಿರುಬಿಟ್ಟರು. ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ಅವರು ಪೆನ್ನು ತೆರೆದವರು ಬರೆಯದೆ ತಡೆದು, ವರಮಾನ ಎಷ್ಟು ಅಂದಿರಿ ಅಂತ ಇನ್ನೊಮ್ಮೆ ಕೇಳಿದರು. ಭಟ್ಟರು ಫ್ಯಾನಿನ ಎದುರೇ ಬೆವರುತ್ತಿದ್ದರು. ಫ್ಲಾಟು ಹೋಯಿತು ಅಂತ ನಾನು ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ.

ಅಷ್ಟರಲ್ಲಿ ಎದುರುಮನೆಯ ಹೆಂಗಸು ಬಂದಳು. ಮಾವ ನಿದ್ದೆಯಿಂದ ಎದ್ದು ಸೆಕೆ ಸೆಕೆ ಅಂತ ಕೂಗುತ್ತಿದ್ದಾರೆ ಅಂದವಳೇ ಫ್ಯಾನಿನ ವಯರು ಕಿತ್ತು ಹೊತ್ತುಕೊಂಡು ನಡೆದಳು. ಅವಳ ಹಿಂದೆಯೇ ಪಕ್ಕದಮನೆಯ ಮುದುಕರು. ಮಂಡಿನೋವು, ಕುರ್ಚಿ ಇಲ್ಲದೆ ಊಟಕ್ಕೆ ಕೂರಲಾಗುವುದಿಲ್ಲ ಅಂದರು. ಅಧಿಕಾರಿಗಳು ಪಾಪ, ಎದ್ದು ನಿಂತು ತಾವೇ ಕುರ್ಚಿ ಎತ್ತಿಕೊಟ್ಟು, ಹರಕು ಚಾಪೆ ಬಿಡಿಸಿಕೊಂಡು ಕೂತರು. ಮೂರನೆಯವರು ಮೂಲೆಮನೆಯ ಮಾಮಿ. ಅವರ ಮನೆಗೆ ಬೀಗರು ಬಂದುಬಿಟ್ಟಿದ್ದರು. ಮಾಮಿ ಏನೂ ಕೇಳಲಿಲ್ಲ, ಬಾಗಿಲಲ್ಲಿ ನಿಂತು ಅಧಿಕಾರಿಗಳ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಿದ್ದರು. ಅಧಿಕಾರಿಗಳು ಸುಡುಸುಡು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಲೋಟ ಅವರ ಕೈಗೆ ಕೊಟ್ಟರು.

ಭಟ್ಟರ ಹೆಂಡತಿ ತಲೆ ತಗ್ಗಿಸಿ ಗೋಡೆಗೆ ಒರಗಿದರು, ಕಣ್ಣಲ್ಲಿ ನೀರು. ಬೈಯಬೇಕು ಅಂತಿದ್ದ ನಾನೂ ಅದನ್ನು ಬಿಟ್ಟುಬಿಟ್ಟೆ.

ಅಧಿಕಾರಿಗಳು ಕೂತ ಚಾಪೆಯನ್ನು ಮುಟ್ಟಿ ನೋಡಿ, "ಚಾಪೆ ನಿಮ್ಮದೇ ತಾನೇ?" ಅಂದರು. ಹೌದು ಅಂತ ಭಟ್ಟರು ತಲೆಯಾಡಿಸಿದರು. ಅಧಿಕಾರಿಗಳು ಅರ್ಹರು ಅಂತ ಬರೆದು ಸಹಿ ಹಾಕಿ ಎದ್ದರು.

ಫ್ಲಾಟು ಸಿಕ್ಕಿತು. ಗೃಹಪ್ರವೇಶಕ್ಕೆ ಭಟ್ಟರು ಆ ಅಧಿಕಾರಿಗಳನ್ನೂ ಕರೆದಿದ್ದರು, ಬಂದರು. ಹೊಸ ಮನೆಯ ಮುಂದಿನ ಕೋಣೆಯಲ್ಲಿ ಅವರಿಗೋಸ್ಕರ ಒಂದು ಒಳ್ಳೆಯ ಕುರ್ಚಿ ಇತ್ತು. ಅದರ ಹತ್ತಿರ ಹೋದವರು ಕೂರದೆ, ಯಾರದಮ್ಮಾ ಅಂತ ಕೇಳಿದರು. ಭಟ್ಟರ ಹೆಂಡತಿ ಸಂಕೋಚದಿಂದ ಪಕ್ಕದ ಫ್ಲಾಟಿನ ಕಡೆ ಕೈ ತೋರಿಸಿದರು. ಅಧಿಕಾರಿಗಳು ನೇರ ಹೋಗಿ ಅದೇ ಹಳೇ ಚಾಪೆಯ ಮೇಲೆ ಕೂತು, ಚೀಲದಿಂದ ಒಂದು ಹೊಸ ಸ್ಟೀಲ್ ಲೋಟ ತೆಗೆದು ಭಟ್ಟರ ಹೆಂಡತಿಯ ಕೈಯಲ್ಲಿಟ್ಟರು.

"ಇದು ನಿಮಗೆ. ಇವತ್ತು ಕಾಫಿ ಇದರಲ್ಲೇ ಕೊಡಿಯಮ್ಮಾ, ಆರಿಸಿಕೊಂಡು ನಿಧಾನವಾಗಿ ಕುಡೀತೇನೆ."