ಪಾಂಡುರಂಗರ ಬಿಲ್ಲೂ ವೇದಾರ ಗರಾಜೂ

ಲಂಡನ್ನಿನ ಪಿನ್ನರ್‌ನಲ್ಲಿ ಡಾಕ್ಟರ್ ಪಾಂಡುರಂಗರದು ಚೊಕ್ಕ ಮನೆ, ಚೊಕ್ಕ ಗರಾಜು. ಆ ಗರಾಜಿನಲ್ಲಿ ಕಾರು ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಕಾರು ವರ್ಷಪೂರ್ತಿ ರಸ್ತೆಯ ಮೇಲೆ ನೆನೆಯುತ್ತಿತ್ತು. ಒಳಗೆ ಕಂಬಳಿ ಹೊದ್ದು ಬೆಚ್ಚಗೆ ಮಲಗಿದ್ದುದು ಡಾಕ್ಟರ ಬಿಲ್ಲು.

ಹರಿಕಥೆಯಲ್ಲಿ ಬರುವಂಥ ಬಿಲ್ಲಲ್ಲ ಅದು. ಎರಡು ತುದಿಗೂ ರಾಟೆ, ರಾಟೆಗಳ ನಡುವೆ ಹಗ್ಗದ ಸಿಕ್ಕು. ಕಾಂಪೌಂಡ್ ಬಿಲ್ಲು ಎಂದು ಹೆಸರು. ಹೇಸ್‌ನ ಗೋದಾಮಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ವಿಲ್ಸನ್ ಇದರ ಮೂಲಪುರುಷ. (ಸೊಂಟನೋವಿಗೆ ಸಲಹೆ ಕೇಳಲು ಬಂದವನು ಡಾಕ್ಟರಿಗೇ ಬಿಲ್ಲಿನ ಗೀಳು ಹಚ್ಚಿ ಹೋದ.) ಕ್ಲಬ್ಬಿನಲ್ಲಿ ಸಾದಾ ಮೊನೆಯ ಬಾಣ ಬಿಟ್ಟುಕೊಂಡಿದ್ದರೆ ಎಲ್ಲ ಸುಖವಾಗಿಯೇ ಇರುತ್ತಿತ್ತು. ಡಾಕ್ಟರಿಗೆ ಬ್ರಾಡ್‌ಹೆಡ್ ಬೇಕಾಯಿತು. ಬ್ರಾಡ್‌ಹೆಡ್ ಎಂದರೆ ಮೊನೆಗೆ ಮೂರು ಬ್ಲೇಡು ಕೂರಿಸಿದ ಬೇಟೆಯ ಬಾಣ. ಈ ದೇಶದಲ್ಲಿ ಬಿಲ್ಲಿನಿಂದ ಬೇಟೆಯಾಡುವ ಹಾಗಿಲ್ಲ. ಇದ್ದರೂ ಧಾರವಾಡದ ಪಾಂಡುರಂಗರು ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವರ ಬೇಟೆ ಏನಿದ್ದರೂ ಕ್ಲಬ್ಬಿನವರೊಬ್ಬರ ಹೊಲದಲ್ಲಿ ನಿಂತಿದ್ದ ಸ್ಪಂಜಿನ ಹಂದಿ.

ಆ ಹಂದಿಯೇ ಅವರ ಮಾನ ಕಳೆಯುತ್ತಿತ್ತು. ಸಾದಾ ಬಾಣ ಬಿಟ್ಟರೆ ನೇರ ಎದೆಗೆ. ಅದೇ ಗುರಿಗೆ ಅಲಗಿನ ಬಾಣ ಬಿಟ್ಟರೆ ಒಂದು ಗೇಣು ಮೇಲೆ, ಮತ್ತೆ ಬಿಟ್ಟರೆ ಗೇಣೂವರೆ. ಬಿಲ್ಲಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ಸಾದಾ ಬಾಣ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅಲಗಿನ ಬಾಣ ಗಾಳಿ ಹಿಡಿದು ಊರಿಗೆಲ್ಲ ಸಾರುತ್ತದೆ. ಆದ್ದರಿಂದ ಗರಾಜು ಪ್ರಯೋಗಶಾಲೆಯಾಯಿತು. ಕೌನ್ಸಿಲ್ ಕಳಿಸಿದ ಕಾಗದಗಳನ್ನೆಲ್ಲ ಚೌಕಟ್ಟಿಗೆ ಅಂಟಿಸಿ, ಅದರ ಮೂಲಕ ಬಾಣ ಬಿಟ್ಟು, ತೂತು ದುಂಡಗಿದೆಯೋ ಹರಿದಿದೆಯೋ ಎಂದು ಭೂತಗನ್ನಡಿ ಹಿಡಿದು ನೋಡಿ ಬಿಲ್ಲನ್ನು ಸರಿಹೊಂದಿಸುವ ಟ್ಯೂನಿಂಗ್ ಮೂರು ತಿಂಗಳು ನಡೆಯಿತು.

ಡಾಕ್ಟರ ಹೆಂಡತಿ, ಮೈಸೂರಿನ ವೇದಾರಿಗೆ ಆ ಗರಾಜು ಬೇಕಾಗಿತ್ತು, ಅದೂ ಕಾರಿಗಲ್ಲ, ಒಲೆಗೆ. ಅಡುಗೆಮನೆಯಲ್ಲಿ ಒಗ್ಗರಣೆ ಚುರ್ ಎಂದರೆ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು, ಹಜಾರದಲ್ಲಿ ತೂಗುಹಾಕಿದ ಕೋಟುಗಳೆಲ್ಲ ಇಂಗು ಕುಡಿಯುತ್ತಿದ್ದವು. ಹಿಂದಿನ ರಾತ್ರಿಯಿಂದ ಉಪವಾಸವಿದ್ದ ರೋಗಿಯೊಬ್ಬ, ಆಪರೇಷನ್ನಿಗೆ ಮುಂಚೆ ಮಾತಾಡಿಸಲು ಬಂದ ಡಾಕ್ಟರ ಕೋಟು ಮೂಸಿ, ಹಸಿವಾಗುತ್ತಿದೆ ಎಂದು ಕಣ್ಣೀರು ಹಾಕಿದ್ದನಂತೆ.

"ಕರಿಯೋದು, ಒಗ್ಗರಣೆ ಎಲ್ಲ ಗರಾಜಲ್ಲಿ ಮಾಡ್ಕೋತೀನಿ ಕಣ್ರೀ," ಎಂದರು ವೇದಾ.

"ಟ್ಯೂನಿಂಗ್ ನಡದದಲ್ಲ."

"ಮೂರು ತಿಂಗಳಿಂದ ಟ್ಯೂನಿಂಗ್. ತಂಬೂರಿ ಆಗಿದ್ದಿದ್ರೆ ಇಷ್ಟೊತ್ತಿಗೆ ಕಛೇರಿ ಮುಗಿಸಿ, ಶಾಲು ಹೊದಿಸಿ ಮನೆಗೆ ಕಳಿಸಿರ್ತಿದ್ರು."

ವಿಲ್ಸನ್ ಮಧ್ಯಸ್ಥನಾಗಿ ಕರಾರು ಮಾಡಿಸಿದ. ವಿಜಯದಶಮಿಯ ದಿನ, ಮೂವತ್ತು ಗಜದಿಂದ, ಮೂರು ಸಾದಾ ಬಾಣ, ಮೂರು ಅಲಗಿನ ಬಾಣ. ಆರೂ ಚಹಾದ ಬಸಿಯಷ್ಟು ಜಾಗದೊಳಗೆ ಬಿದ್ದರೆ ಗರಾಜು ಬಿಲ್ಲಿಗೆ, ಇಲ್ಲದಿದ್ದರೆ ಒಲೆಗೆ.

ಹೋಗುವ ಮುನ್ನ ಅವನು ಬಿಲ್ಲಿನ ಹೆದೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಾಣದ ಬಾಲ ಸಿಕ್ಕಿಸುವ ಕಡೆ, ಅದರ ಕೆಳಗೆ ಆಸರೆಗೆಂದು ಡಾಕ್ಟರು ಕಪ್ಪು ದಾರದ ಗಂಟು ಹಾಕಿದ್ದರು. ಅವಧಿ ಮುಗಿದ ಹೊಲಿಗೆ ದಾರ, ಆಪರೇಷನ್ನಿನಲ್ಲಿ ಹಾಕುವಂಥದೇ ಗಂಟು.

"ಡಾಕ್ಟ್ರೇ, ನೀವು ಅಳತೆ ಮಾಡಿ ಹಾಕಿದ ಬಿಳಿ ಗುರುತು ಮೇಲೆ ಉಂಟು, ಗಂಟು ಕೆಳಗೆ ಉಂಟು. ಇದು ಜಾರಿದ್ದಲ್ವಾ ಮಾರಾಯ್ರೇ?"

ಪಾಂಡುರಂಗರ ಮುಖ ಕೆಂಪಾಯಿತು. "ವಿಲ್ಸನ್, ಇಪ್ಪತ್ತೆರಡು ವರ್ಷ ಮಂದಿ ಹೊಟ್ಟಿಗೆ ಗಂಟು ಹಾಕೇನಿ. ಒಬ್ಬರದೂ ಬಿಚ್ಚಿಲ್ಲ. ಗುರುತು ತಪ್ಪಿರಬೇಕು."

ಅಲ್ಲಿಗೆ ಗಂಟಿನ ವಿಚಾರಣೆ ಮುಗಿಯಿತು. ಡಾಕ್ಟರು ಬಾಣ ಕೂರುವ ಕೊಕ್ಕೆಯನ್ನು ಎತ್ತಿದರು, ಇಳಿಸಿದರು, ರಾಟೆ ತಿರುಗಿಸಿದರು, ಹೊಸ ಬಾಣ ತರಿಸಿದರು, ಇಂಗ್ಲೆಂಡಿನ ಗಾಳಿಗೆ ಶಿಸ್ತಿಲ್ಲ ಎಂದರು. ಗಂಟನ್ನು ಮಾತ್ರ ಮುಟ್ಟಲಿಲ್ಲ.

ಆಯುಧಪೂಜೆ ಶನಿವಾರ ಬಂತು. ಡಾಕ್ಟರು ಡ್ಯೂಟಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಕಾರು, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ, ಸ್ಟೆತಸ್ಕೋಪು ಎಲ್ಲವೂ ಮಿಂದು ಕುಂಕುಮವಿಟ್ಟುಕೊಂಡು ಕೂತಿದ್ದವು. ಸಾಲಿನ ಕೊನೆಯಲ್ಲಿ ಬಿಲ್ಲು: ರಾಟೆಗಳಿಗೆ ಗಂಧ, ನೆತ್ತಿಗೆ ಸೇವಂತಿಗೆ, ಹೆದೆಗೆ ಅರಿಶಿನದ ದಾರ.

"ಬಿಲ್ಲಿಗೂ ನೀರು ಮುಟ್ಟಿಸಿದ್ಯೇನು?"

"ಒದ್ದೆ ಬಟ್ಟೇಲಿ ಒರೆಸಿದೆ ಅಷ್ಟೆ. ಕೊಳೆ ಆಯುಧಕ್ಕೆ ಪೂಜೆ ಮಾಡ್ತಾರಾ? ದಾರ ಮಾತ್ರ ನಾಳೆ ಸಂಜೆವರೆಗೂ ಬಿಚ್ಚಬೇಡಿ."

ಬೇರೆ ದಿನವಾಗಿದ್ದರೆ ಪಾಂಡುರಂಗರು ಸಿಟ್ಟಿನಿಂದ ಕುಣಿದಾಡಿಬಿಡುತ್ತಿದ್ದರು. ಈಗ ಅವರ ತಲೆಯಲ್ಲಿ ದೀಪ ಹತ್ತಿತು. ನಾಳೆ ಬಾಣ ದಿಕ್ಕಾಪಾಲಾಗುವುದು ಖಂಡಿತ. ಆದರೆ ತಪ್ಪು ಯಾರದು? ಪೂಜೆಯದು! ಗಂಧದ ಭಾರ, ದಾರದ ಅಡ್ಡಿ! ಕರಾರು ರದ್ದು, ಗರಾಜು ಇನ್ನೊಂದು ವರ್ಷ ತಮ್ಮದೇ. ದಾರವನ್ನು ಕಣ್ಣೆತ್ತಿಯೂ ನೋಡದೆ ಭಕ್ತಿಯಿಂದ ಕೈಮುಗಿದರು. ಗಂಡನಿಗೆ ದೈವಭಕ್ತಿ ಬಂದದ್ದು ಕಂಡು ವೇದಾ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಭಾನುವಾರ ಹೊಲದಲ್ಲಿ, ವೇದಾರ ಎದುರಿಗೇ, ವಿಲ್ಸನ್ ಹಂದಿಯ ಎದೆಯ ಮೇಲೆ ಬಸಿ ಇಟ್ಟು ಸುತ್ತ ಗೆರೆ ಎಳೆದ. ಬಿಲ್ಲು ಎತ್ತುವ ಮೊದಲೇ ಡಾಕ್ಟರು ಜಾಮೀನು ಪಡೆದರು. "ಪೂಜಾದಾಗ ಟ್ಯೂನಿಂಗ್ ಕೆಟ್ಟಿದ್ರ ನಾ ಜವಾಬ್ದಾರ ಅಲ್ಲ, ಈಗ ಹೇಳೇನಿ."

ಮೂರು ಸಾದಾ ಬಾಣ ಗೆರೆಯೊಳಗೆ ಬಿದ್ದವು. ಅದೇನು ಹೊಸತಲ್ಲ. ಅಲಗಿನ ಮೊದಲ ಬಾಣ ಬಿಟ್ಟರು, ಗೆರೆಯೊಳಗೆ. ಎರಡನೆಯದು ಅದರ ಪಕ್ಕಕ್ಕೇ. ಮೂರನೆಯದನ್ನೂ ಬಿಟ್ಟರು. ಅದೂ ಒಳಗೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವರಿಗೆ ನಿಜವಾದ ಸಂತೋಷವಾಯಿತು, ಮತ್ತು ಸಂತೋಷದಲ್ಲಿ ಬಾಯಿಯ ಮೇಲೆ ಹಿಡಿತ ಹೋಯಿತು.

"ನೋಡಿದ್ಯಾ ವಿಲ್ಸನ್? ಗಂಟು ಜಾರೇದ ಅಂದಿದ್ದೆಲ್ಲಾ. ಈಗ ಬಂದು ನೋಡು, ಸರ್ಜನ್ ಹಾಕಿದ ಗಂಟು ಅಂದ್ರ ಹೆಂಗಿರ್ತದ. ಇಡೀ ಬಿಲ್ಲಿನ ಜೀವಾನ ಆ ಗಂಟಿನಾಗದ."

ವಿಲ್ಸನ್ ಬಂದು ನೋಡಿದ. "ಡಾಕ್ಟ್ರೇ, ನಿಮ್ಮ ಗಂಟು ಕಪ್ಪಲ್ವಾ? ಇದು ಹಳದಿ ಉಂಟು. ಬಿಳಿ ಗುರುತಿನ ಮೇಲೆಯೇ ಉಂಟು."

ಪಾಂಡುರಂಗರು ಕನ್ನಡಕ ಸರಿಮಾಡಿಕೊಂಡರು. ವೇದಾ ಪರ್ಸು ತೆರೆದು, ಟಿಶ್ಯೂ ಕಾಗದದ ಮಡಿಕೆ ಬಿಚ್ಚಿ, ಇಪ್ಪತ್ತೆರಡು ವರ್ಷದ ಅನುಭವವನ್ನು ಗಂಡನ ಅಂಗೈ ಮೇಲೆ ಇಟ್ಟರು.

"ಒರೆಸೋವಾಗ ಬಟ್ಟೆ ಜೊತೇಲೇ ಬಂದ್ಬಿಡ್ತು. ಬಯ್ತೀರಾಂತ ಸುಮ್ಮನಿದ್ದೆ. ಬಿಳಿ ಗುರುತಿತ್ತಲ್ಲ, ಅಲ್ಲಿಗೇ ಹೂ ಕಟ್ಟೋ ಗಂಟು ಹಾಕಿದೆ."

"ಅಂದರೆ ಪ್ರತಿ ಬಾಣಕ್ಕೂ ಇದು ಚೂರು ಚೂರು ಜಾರ್ತಾ ಇತ್ತು," ಎಂದ ವಿಲ್ಸನ್. "ಬಿಲ್ಲಿನ ಜೀವ ಗಂಟಿನಲ್ಲಿ ಅಂತ ನೀವೇ ಹೇಳಿದ್ದು ಡಾಕ್ಟ್ರೇ. ಹಾಗಾದರೆ ಗೆದ್ದದ್ದು ವೇದಕ್ಕ."

ಪೂಜೆಯೇ ಕಾರಣ ಎಂದು ಡಾಕ್ಟರು ಮೊದಲೇ ಜಾಮೀನು ಪಡೆದಿದ್ದರಿಂದ ಮೇಲ್ಮನವಿಗೂ ದಾರಿ ಇರಲಿಲ್ಲ.

ನವೆಂಬರಿನಲ್ಲಿ ಗರಾಜಿಗೆ ಒಲೆ ಬಂತು. ಈಗ ಅಲ್ಲಿ ವಿಲ್ಸನ್ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಕೂತಿರುತ್ತಾನೆ. ಬಿಲ್ಲು ಮೂಲೆಯ ಮೊಳೆಗೆ ನೇತಾಡುತ್ತಾ ಇಂಗು ಕುಡಿಯುತ್ತದೆ. ಕ್ವೀನ್ಸ್‌ಬರಿಯ ಅಂಗಡಿಯಿಂದ ಬಿಡಿ ಸೇವಂತಿಗೆ ತಂದ ಶುಕ್ರವಾರ ಪಾಂಡುರಂಗರು ಸ್ಟೂಲಿನ ಮೇಲೆ ಕೂತು ಹೂ ಕಟ್ಟುತ್ತಾರೆ. ಅದು ಅವರೇ ಹಿಡಿದ ಹಟ, ಗಂಟು ಕಲಿಯುತ್ತೇನೆಂದು.

ಮೊನ್ನೆ ಒಂದು ಮೊಳ ಕಟ್ಟಿ ಮುಗಿಸಿ ಹೆಂಡತಿಯ ಕೈಗೆ ಕೊಟ್ಟರು. ವೇದಾ ಒಂದು ತುದಿ ಹಿಡಿದು ಮೇಲೆತ್ತಿದರು. ಹೂಗಳು ಒಂದೊಂದಾಗಿ, ನಿಧಾನವಾಗಿ, ನೆಲಕ್ಕೆ ಜಾರಿದವು. ಕೈಯಲ್ಲಿ ದಾರವಷ್ಟೇ ಉಳಿಯಿತು.

"ಸೋಮವಾರ ಎಷ್ಟು ಆಪರೇಷನ್ ಇದೆ?" ಎಂದು ವೇದಾ ಕೇಳಿದರು.

"ನಾಲ್ಕು."

ವೇದಾ ಒಲೆ ಸಣ್ಣಗೆ ಮಾಡಿ ಒಳಗೆ ಹೋಗಿ, ಇನ್ನೊಂದು ಉಂಡೆ ದಾರ ತಂದು ಅವರ ಮುಂದಿಟ್ಟರು.