ಒಲೆಗೊಂದು ಕೂಪನ್

ಇಡೀ ಬೀದಿಯನ್ನು ಬುಡಮೇಲು ಮಾಡಿದ ಆ ಕೂಪನ್ ನೋಡಲು ಅಂಗೈಯಷ್ಟೂ ಇರಲಿಲ್ಲ. ಒಂದು ಲೀಟರ್ ಅಡುಗೆ ಎಣ್ಣೆ ಕೊಂಡವರಿಗೆ ಇನ್ನೊಂದು ಲೀಟರ್ ಬಿಟ್ಟಿ ಎಂದು ಅದರ ಮೇಲೆ ಅಚ್ಚಾಗಿತ್ತು. ಹೋದ ಸಲ ‘ಮನೆಗೊಂದೇ ಕೂಪನ್’ ಎಂದು ಹಾಕಿಸಿದಾಗ, ಒಂದೇ ಮನೆಯ ಮೇಲೆ, ಕೆಳಗೆ, ಹಿಂದೆ, ಮುಂದೆ ಇದ್ದ ಬಾಡಿಗೆದಾರರೆಲ್ಲ ನುಗ್ಗಿ ದಿನಸಿ ಅಂಗಡಿಯನ್ನು ಹೊತ್ತುಕೊಂಡು ಹೋಗುವುದೊಂದು ಬಾಕಿ ಉಳಿದಿತ್ತು. ಅದಕ್ಕೇ ಈ ಸಲ ಅಂಗಡಿಯ ಮಾಲೀಕರು ಇದ್ದಬದ್ದ ಕೂದಲೂ ಉದುರುವಷ್ಟು ಯೋಚಿಸಿ ‘ಒಲೆಗೊಂದೇ ಕೂಪನ್’ ಎಂದು ಹಾಕಿಸಿದರು. ಒಟ್ಟಿಗೆ ಉಣ್ಣುವವರಿಗೆ ಒಂದು, ಬೇರೆ ಬೇಯಿಸಿಕೊಳ್ಳುವವರಿಗೆ ಬೇರೆ. ಇಂಥ ನ್ಯಾಯವನ್ನು ಯಾವ ಚಕ್ರವರ್ತಿಯೂ ಕೊಟ್ಟಿರಲಿಲ್ಲ. ಹಾಗೆಂದು ಅವರೇ ಹೇಳಿಕೊಂಡರು.

ಆ ನ್ಯಾಯವನ್ನು ಜಾರಿಗೆ ತರಬೇಕಾದವನು ಗಲ್ಲಾದಲ್ಲಿ ಕೂರುವ ಬಿಲ್ಲಣ್ಣ. ಬಿಲ್ಲು ಹಾಕುವುದೇ ಕಸುಬಾದ್ದರಿಂದ ಆ ಹೆಸರು. ಹೆತ್ತವರು ಇಟ್ಟ ಹೆಸರು ಹೆತ್ತವರಿಗೇ ಮರೆತುಹೋಗಿತ್ತು. ಅವನಷ್ಟು ಸಾಧು ಪ್ರಾಣಿ ಭೂಮಿಯನ್ನು ಜರಡಿ ಹಿಡಿದರೂ ಸಿಗದು. ಇರುವೆ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುವವನು. ಬದುಕಿನಲ್ಲಿ ಅವನಿಗಿದ್ದದ್ದು ಒಂದೇ ಆಸೆ: ಅಂಗಡಿಯ ಹಿಂದಿನ ಗೋದಾಮಿನ ಉಸ್ತುವಾರಿ. ಅಲ್ಲಿ ತಂಪು, ಅರೆಗತ್ತಲೆ, ಬೆನ್ನಿರುವ ಒಂದು ಕುರ್ಚಿ, ಗೋಡೆಯುದ್ದಕ್ಕೂ ಮೂಟೆಗಳು. ಮೂಟೆ ಚಿಲ್ಲರೆ ಕೇಳುವುದಿಲ್ಲ, ಎದುರು ವಾದಿಸುವುದಿಲ್ಲ, ಕೂಪನ್ನಂತೂ ತೋರಿಸುವುದೇ ಇಲ್ಲ.

ಗೋದಾಮು ನೋಡಿಕೊಳ್ಳುತ್ತಿದ್ದವರು ವಯಸ್ಸಾಗಿ ಕೆಲಸ ಬಿಟ್ಟಿದ್ದರು. ಆ ಬೆಳಿಗ್ಗೆ ಮಾಲೀಕರು ಗೋದಾಮಿನ ಬೀಗದ ಕೈಯನ್ನು ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಗಲ್ಲಾದ ಹತ್ತಿರ ಬಂದರು. ಬಿಲ್ಲಣ್ಣನ ಕಣ್ಣುಗುಡ್ಡೆಗಳೂ ಅದರ ಜೊತೆಗೇ ತಿರುಗಿದವು.

“ನೋಡಪ್ಪಾ, ಇವತ್ತು ಕೂಪನ್ನಿನ ಮೊದಲನೇ ದಿನ. ಸಂಜೆವರೆಗೆ ಒಂದು ಜಗಳಾನೂ ನನ್ನ ಕಿವಿಗೆ ಬೀಳಬಾರದು. ಬೀಳಲಿಲ್ಲ ಅಂದ್ರೆ ಗೋದಾಮು ನಿಂದು. ಬಿತ್ತು ಅಂದ್ರೆ ಹಲ್ಲು ಉದುರೋವರೆಗೂ ನಿನಗೆ ಈ ಸ್ಟೂಲೇ ಗತಿ.”

ಮೊದಲು ಬಂದವಳು ತಿರುವಿನ ಮನೆಯ ಹಿರಿಯ ಸೊಸೆ. ಕೂಪನ್ ಕೊಟ್ಟಳು, ಎಣ್ಣೆ ತೆಗೆದುಕೊಂಡಳು, ನಗುತ್ತ ಪಕ್ಕಕ್ಕೆ ನಿಂತಳು. ಅವಳ ಹಿಂದೆಯೇ ಅದೇ ಮನೆಯ ಕಿರಿಯ ಸೊಸೆ ಇನ್ನೊಂದು ಕೂಪನ್ ಚಾಚಿದಳು. ಬಿಲ್ಲಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನೀವಿಬ್ಬರೂ ಒಂದೇ ಮನೆಯವರಲ್ಲವೇ ಎಂದು, ಮಲಗಿದ ಹುಲಿಗೆ ಗುಳಿಗೆ ಕುಡಿಸುವವನಂತೆ ಮೆಲ್ಲಗೆ ಕೇಳಿದ.

“ಮನೆ ಒಂದೇ ಬಿಲ್ಲಣ್ಣಾ. ಒಲೆ ಬೇರೆ,” ಎಂದಳು ಕಿರಿಯವಳು.

ಕೂಪನ್ ಪಾಸಾಗುವುದರಲ್ಲಿತ್ತು. ಆದರೆ ಸಾಲಿನಲ್ಲಿ ಪಿಂಚಣಿ ಮೇಷ್ಟ್ರು ನಿಂತಿದ್ದರು. ಪಾಠ ಹೇಳುವುದು ನಿಂತಮೇಲೆ ಅವರು ಇಡೀ ಬೀದಿಯನ್ನೇ ತರಗತಿ ಮಾಡಿಕೊಂಡಿದ್ದರು. ಅವರ ಮೂಗಿನ ವಿಷಯ ಹೇಳುವುದಾದರೆ, ಆಚೆ ಬೀದಿಯಲ್ಲಿ ಹಾಲು ಉಕ್ಕಿದರೆ ಇವರು ಈಚೆ ಬೀದಿಯಲ್ಲಿ ಸೀನುತ್ತಿದ್ದರು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

“ನಿನ್ನೆ ಸಂಜೆ ಇವರ ಮನೆ ಮುಂದೆ ಹಾದು ಹೋದೆ. ಒಂದೇ ಅಡುಗೆ ವಾಸನೆ ಬಂತು,” ಎಂದರು ಮೇಷ್ಟ್ರು. “ಎರಡು ಒಲೆ ಇದ್ರೆ ಎರಡು ವಾಸನೆ ಬರಬೇಕಲ್ಲ?”

“ನೆಗಡಿ ಆಗಿರಬೇಕು, ಕಷಾಯ ಕುಡೀರಿ ಮೇಷ್ಟ್ರೇ,” ಎಂದಳು ಹಿರಿಯವಳು.

ಸಾಲು ಅಷ್ಟಕ್ಕೇ ಎರಡು ಪಕ್ಷವಾಯಿತು. ವಾಸನೆಯ ಪಕ್ಷದವರು, ನೆಗಡಿಯ ಪಕ್ಷದವರು. ಒಳಗಿನ ಕೋಣೆಯಲ್ಲಿ ಮಾಲೀಕರ ಕುರ್ಚಿ ಕಿರ್ರೆಂದದ್ದು ಬಿಲ್ಲಣ್ಣನಿಗೆ ಸಿಡಿಲಿನಂತೆ ಕೇಳಿಸಿತು. ದಯವಿಟ್ಟು ಮಾತು ಬೆಳೆಸಬೇಡಿ, ನಾನೇ ಮನೆಗೆ ಬಂದು ಒಲೆ ಎಣಿಸಿಬಿಡುತ್ತೇನೆ ಎಂದು ಬಾಯಿ ತಪ್ಪಿ ಅಂದುಬಿಟ್ಟ. ಗಲ್ಲಾದಲ್ಲಿ ಪೊಟ್ಟಣ ಕಟ್ಟುವ ಹುಡುಗನನ್ನು ಕೂರಿಸಿ ಹೊರಟ. ಮೇಷ್ಟ್ರು ಕರೆಯದಿದ್ದರೂ ಸಾಕ್ಷಿಯಾಗಿ ಜೊತೆಗೆ ಬಂದರು. ಓರಗಿತ್ತಿಯರಿಬ್ಬರೂ ಅಡ್ಡದಾರಿ ಹಿಡಿದು ಓಡಿದ ವೇಗಕ್ಕೆ ರಸ್ತೆಯ ನಾಯಿಗಳು ಎದ್ದು ದಾರಿ ಬಿಟ್ಟವು.

ಇವರು ತಲುಪುವಷ್ಟರಲ್ಲಿ ಅಡುಗೆಮನೆಯ ನಡುವೆ ಸೀಮೆಸುಣ್ಣದ ಗೆರೆ ಬಿದ್ದಾಗಿತ್ತು. ಗೆರೆಯ ಈಚೆ ಗ್ಯಾಸ್ ಒಲೆ. ಆಚೆ ಅಟ್ಟದಿಂದ ಇಳಿಸಿದ ಕಬ್ಬಿಣದ ಒಲೆ. ಅದರ ಮೇಲಿದ್ದ ಜೇಡ, ಹೇಳದೆ ಕೇಳದೆ ಮನೆ ಖಾಲಿ ಮಾಡಿಸಿದರೆಂದು ಸಿಟ್ಟಿನಿಂದ ಓಡಾಡುತ್ತಿತ್ತು. ಗೆರೆಯ ಮೇಲೆ ಸರಿಯಾಗಿ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು, ಕೈಯಲ್ಲಿ ಖಾಲಿ ಲೋಟ. ಚಹಾ ಇನ್ನು ಮೇಲೆ ಯಾವ ಕಡೆಯಿಂದ ಬರುತ್ತದೆ ಎಂದು ಅವರು ಬಿಲ್ಲಣ್ಣನನ್ನೇ ಕೇಳಿದರು.

ಮೇಷ್ಟ್ರು ಎರಡೂ ಒಲೆಗಳನ್ನು ಉತ್ತರಪತ್ರಿಕೆಯಂತೆ ಪರೀಕ್ಷಿಸಿದರು. “ಒಲೆ ಎರಡಿವೆ, ಒಪ್ಪಿದೆ. ಉಪ್ಪಿನ ಡಬ್ಬಿ ಒಂದೇ ಯಾಕಿದೆ?”

ಹಿರಿಯ ಸೊಸೆ ಚುರುಕು. ಬೇರೆಯಾದವರೆಂದು ತೋರಿಸಲು ಜಗಳಕ್ಕಿಂತ ದೊಡ್ಡ ಪುರಾವೆ ಏನಿದೆ? ಓರಗಿತ್ತಿಗೆ ಕಣ್ಣು ಮಿಟುಕಿಸಿ ನಾಟಕ ಶುರು ಮಾಡಿದಳು. “ಉಪ್ಪು ನಂದು. ಇವಳು ಕೇಳದೆ ತಗೊಳ್ತಾಳೆ.”

ಕಿರಿಯವಳೂ ಉತ್ಸಾಹದಿಂದ ಜೊತೆಗೂಡಿದಳು. “ನಿಮ್ಮ ಉಪ್ಪು ಯಾರಿಗೆ ಬೇಕಕ್ಕಾ? ನೀವು ಸುರಿಯೋದು ನೋಡಿದ್ರೆ ಸಮುದ್ರಾನೇ ನಾಚ್ಕೋಬೇಕು. ಇಷ್ಟು ವರ್ಷ ಬಾಯಿ ಮುಚ್ಕೊಂಡು ನುಂಗಿದೀನಿ.”

ಮಿಟುಕಿಸಿದ ಕಣ್ಣು ಮಿಟುಕಿಸಿದಂತೆಯೇ ನಿಂತುಹೋಯಿತು.

“ಇಷ್ಟು ವರ್ಷ?” ಎಂದಳು ಹಿರಿಯವಳು. ಈ ಸಲ ಅದು ನಾಟಕದ ದನಿಯಾಗಿರಲಿಲ್ಲ.

ಆಮೇಲೆ ನಡೆದದ್ದನ್ನು ವರ್ಣಿಸಲು ನನ್ನಂಥ ನಾನೇ ಸಾಲುವುದಿಲ್ಲ. ಯಾರ ತವರಿನ ಪಾತ್ರೆ ಯಾರು ಸುಟ್ಟರು ಎಂಬಲ್ಲಿಂದ ಹಿಡಿದು, ಯಾರ ಮದುವೆಯಲ್ಲಿ ಯಾರು ಮುಖ ಊದಿಸಿಕೊಂಡಿದ್ದರು ಎಂಬವರೆಗೆ ಹೂತದ್ದೆಲ್ಲ ಎದ್ದು ಬಂತು. ಕುಕ್ಕರ್ ಗೆರೆಯ ಈಚೆ ಬಂತು, ಅದರ ಸೀಟಿ ಆಚೆ ಹೋಯಿತು. ಬಿಲ್ಲಣ್ಣ ಇಬ್ಬರ ಕೂಪನ್ನೂ ಪಾಸು, ಬೇಕಾದರೆ ಇನ್ನೊಂದೂ ಪಾಸು, ಮೊದಲಿನಂತೆ ಒಟ್ಟಿಗೆ ಇದ್ದುಬಿಡಿ ಎಂದು ಕೈಮುಗಿದು ಬೇಡಿದ. ಕೂಪನ್ ಯಾರಿಗೆ ಬೇಕು, ಮೊದಲು ಜರಡಿ ಯಾರದು ಹೇಳಿ ಎಂದರು ಇಬ್ಬರೂ. ಜರಡಿ, ಸೌಟು, ಮಣೆ ಎಲ್ಲ ಪಾಲು ಮಾಡಿ ಕೊಡುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಾವನ ಲೋಟ ಮಾತ್ರ ಇನ್ನೂ ಖಾಲಿಯಿತ್ತು. ಮೇಷ್ಟ್ರು ಯಾವಾಗಲೋ ಜಾರಿಕೊಂಡಿದ್ದರು.

ಹೊರಗೆ ಬಂದ ಬಿಲ್ಲಣ್ಣ ಬೆವರು ಒರೆಸಿಕೊಂಡ. ಜಗಳ ಆದದ್ದು ಅವರ ಮನೆಯಲ್ಲಿ, ಮಾಲೀಕರ ಕಿವಿ ಇರುವುದು ಅಂಗಡಿಯಲ್ಲಿ, ಹಾಗಾಗಿ ಗೋದಾಮು ಇನ್ನೂ ಕೈತಪ್ಪಿಲ್ಲ ಎಂದು ಲೆಕ್ಕ ಹಾಕುತ್ತ ನಡೆದ. ತಿರುವು ದಾಟಿದವನು ಅಲ್ಲೇ ನಿಂತ.

ಇಡೀ ಬೀದಿ ಒಲೆ ಹೊತ್ತು ಬರುತ್ತಿತ್ತು. ತಲೆಯ ಮೇಲೆ ಒಲೆ, ಕಂಕುಳಲ್ಲಿ ಒಲೆ, ಮಗುವಿನ ಗಾಡಿಯಲ್ಲಿ ಮಗುವನ್ನು ಇಳಿಸಿ ಒಲೆ. ಒಲೆ ತೋರಿಸಿದರೆ ಬಿಲ್ಲಣ್ಣ ಕೂಪನ್ ಪಾಸು ಮಾಡುತ್ತಾನೆಂದು ಮೇಷ್ಟ್ರು ದಾರಿಯುದ್ದಕ್ಕೂ ಪಾಠ ಹೇಳಿಕೊಂಡು ಹೋಗಿದ್ದರು. ಬೆಳಿಗ್ಗೆ ಕೈಕೈ ಹಿಡಿದು ನಡೆಯುತ್ತಿದ್ದ ಹೊಸ ದಂಪತಿ ಈಗ ಆಳಿಗೊಂದು ಒಲೆ ಹಿಡಿದು ದೂರ ದೂರ ನಿಂತಿದ್ದರು. ಆಶ್ಚರ್ಯವೆಂದರೆ ಒಬ್ಬರೂ ಜಗಳವಾಡುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಪುರಾವೆ ಇದ್ದಮೇಲೆ ವಾದ ಯಾಕೆ?

ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ವರ್ಷವಿಡೀ ಹೋಗದ ಎಣ್ಣೆ ಒಂದೇ ದಿನ ಹರಿದುಹೋಗುತ್ತಿದ್ದುದನ್ನು ಕಂಡು ಅವರ ಮುಖ ಆಗಷ್ಟೇ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಬಿಲ್ಲಣ್ಣನ ಬೆನ್ನು ತಟ್ಟಿ, ಒಂದು ಗದ್ದಲವೂ ಕಿವಿಗೆ ಬೀಳಲಿಲ್ಲವೆಂದು ಹೊಗಳಿ, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು.

“ಗೋದಾಮು ನಿಂದೇ. ಹೋಗಿ ಕೂತ್ಕೋ. ಎಲ್ಲಾ ವ್ಯವಸ್ಥೆ ಮಾಡಿದೀನಿ.”

ಬಿಲ್ಲಣ್ಣನ ಕಣ್ಣಿನಲ್ಲಿ ನೀರು ಬಂತು. ಅದನ್ನು ಕೂಡಿಟ್ಟಿದ್ದರೆ ಕೆರೆ ತುಂಬುತ್ತಿತ್ತು. ಒಳಬಾಗಿಲ ಬೀಗ ತೆಗೆದ. ಅದೇ ತಂಪು, ಅದೇ ಕುರ್ಚಿ. ಕುರ್ಚಿಯ ಮುಂದೆ ಒಂದು ಮೇಜು. ಹಿಂದಿನ ಬೀದಿಗೆ ತೆರೆಯುವ ಶಟರ್ ಪೂರ್ತಿ ಮೇಲಕ್ಕೇರಿತ್ತು. ಮೂಟೆಗಳ ನಡುವೆ ಹೊರಟ ಒಲೆಗಳ ಸಾಲಿಗೆ ಕೊನೆಯೇ ಕಾಣಲಿಲ್ಲ. ಅಂಗಡಿಯ ಮುಂದೆ ಜಾಗ ಸಾಲದೆ ಒಲೆ ತಪಾಸಣೆಯನ್ನು ಗೋದಾಮಿಗೆ ಬದಲಾಯಿಸಿದ್ದಾಗಿ ಮಾಲೀಕರು ಹಿಂದಿನಿಂದ ಕೂಗಿ ಹೇಳಿದರು. ಕೂಪನ್ ಮುಗಿಯುವವರೆಗೆ ಅವನೇ ತಪಾಸಣೆಯ ಮುಖ್ಯಸ್ಥ.

ಸಾಲಿನ ಮೊದಲಲ್ಲಿ ಅವನ ತಾಯಿ ಒಲೆಯೊಂದಿಗೆ ಕೂತಿದ್ದಳು. ಪಕ್ಕದ ಮೂಟೆಯ ಮೇಲೆ ಇನ್ನೊಂದು ಒಲೆಯೊಂದಿಗೆ ಅವನ ಹೆಂಡತಿ.

“ಒಂದೇ ಒಲೆ ಅಂತ ಬಾಯಿ ಬಿಡಬೇಡ ಮಗಾ, ನಾವು ಬೇರೆ,” ಎಂದಳು ತಾಯಿ.

“ಹೌದು ರೀ, ಬೇರೇನೇ,” ಎಂದಳು ಹೆಂಡತಿ. ಮದುವೆಯಾದ ಮೇಲೆ ಅತ್ತೆ ಸೊಸೆ ಒಂದೇ ಮಾತನ್ನು ಒಪ್ಪಿದ್ದು ಅದೇ ಮೊದಲು.

ಬಿಲ್ಲಣ್ಣ ಕುರ್ಚಿಯಲ್ಲಿ ಕುಸಿದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಾಗಾದರೆ ರಾತ್ರಿ ನನ್ನ ಊಟ ಯಾವ ಒಲೆಯದು ಎಂದು ಮೆಲ್ಲಗೆ ಕೇಳಿದ.

ಹೆಂಡತಿ ಅತ್ತೆಯ ಮುಖ ನೋಡಿ ನಕ್ಕಳು. ಬೆನ್ನ ಹಿಂದಿನಿಂದ ಪುಟ್ಟದೊಂದು ಒಲೆ ತೆಗೆದು ಮೇಜಿನ ಮೇಲಿಟ್ಟಳು, ಅದರ ಮೇಲೊಂದು ಕೂಪನ್.

“ನಿಮ್ಮದು ಮೂರನೇದು ರೀ. ಇನ್ನೂ ಒಂದು ಲೀಟರ್ ಬಿಟ್ಟಿ ಬರುತ್ತೆ. ಆದ್ರೆ ಕೂಪನ್ ಮುಗಿಯೋವರೆಗೆ ನಿಮ್ಮ ಅಡುಗೆ ನೀವೇ ಮಾಡ್ಕೋಬೇಕು. ತಪಾಸಣೆ ಬಹಳ ಜೋರಂತೆ.”