ಅಣ್ಣನ ಮನಿಯಾಗಿನ ಬ್ಲೂಟೂತ್

ಎಲ್ಲಮ್ಮನ ಗುಡ್ಡದ ಕಡೆ ಮುಖ ಮಾಡಿ ಆಣೆ ಇಟ್ಟು ಹೇಳತೇನಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಬ್ಲೂಟೂತ್ ಜೋಡಿಸುವುದರಲ್ಲಿ ನನ್ನ ಸರಿಸಮ ಯಾರೂ ಇಲ್ಲ. ವೈರಿಲ್ಲ, ಟವರಿಲ್ಲ, ನಾನು ಕೈ ಇಟ್ಟರೆ ಸಾಕು, ಎರಡು ಯಂತ್ರ ತಾವೇ ಮಾತಿಗೆ ಬೀಳುತ್ತವೆ. ಆಮೇಲೆ ಏನಾದರೂ ಆಗುತ್ತಲೇ ಇರುತ್ತದೆ. ಅದಕ್ಕೆ ನಾನು ಜವಾಬ್ದಾರನಲ್ಲ.

೧. ಕಿವಿ ಮಷೀನು

ಅಣ್ಣನ ಹೊಸ ಕಿವಿ ಮಷೀನನ್ನು ಅವನ ಫೋನಿಗೆ ಜೋಡಿಸಿಕೊಟ್ಟೆ. ಫೋನು ಬಂದರೆ ಮಾತು ನೇರ ಕಿವಿಯೊಳಗೇ, ಬೇರೆಯವರಿಗೆ ಕೇಳುವುದಿಲ್ಲ. ಮರುದಿನ ಮುರಗೋಡದಲ್ಲಿ ಹಿರಿಯರೊಬ್ಬರು ತೀರಿಕೊಂಡ ಮನೆಗೆ ಮಾತಾಡಿಸಿಕೊಂಡು ಬರಲು ಹೋದೆವು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು.

"ಅಪ್ಪ ಹೋಗಿಬಿಟ್ಟರ‍್ರೀ," ಅಂದ ಅವರ ಮಗ.

"ಭಾಳ ಚಲೋ ಆತು ನೋಡ್ರಿ! ನಾವೂ ಇದನ್ನ ಕಾಯಾಕತ್ತಿದ್ವಿ," ಅಂದ ಅಣ್ಣ.

ಅಣ್ಣನ ಮಗಳನ್ನು ನೋಡಲು ಬರುತ್ತೇವೆಂದು ಸವದತ್ತಿಯವರು ಮಾಡಿದ ಫೋನು ಅದು. ನಾನು ಬಿಡಿಸಿ ಹೇಳುವಷ್ಟರಲ್ಲಿ ಯಾರೋ ನಮ್ಮ ಚಪ್ಪಲಿಗಳನ್ನು ದಾರಿಯ ಕಡೆ ತಿರುಗಿಸಿ ಇಟ್ಟಿದ್ದರು.

೨. ಉಪ್ಪು

ಬರುವವರ ಸ್ವಾಗತಕ್ಕೆ ಮನೆಯ ಸ್ಪೀಕರಿನಲ್ಲಿ ಸನಾದಿ ಹಚ್ಚು ಅಂದ ಅಣ್ಣ. ಪರೀಕ್ಷೆಗೆಂದು ಚಾಲೂ ಮಾಡಿದೆ. ಬಾಜೂ ಮನೆಯಾಕೆಯ ಫೋನು ಬಂದು ಕೂಡಿಕೊಂಡಿತು. ಹಿಂದೊಮ್ಮೆ ಈ ಸ್ಪೀಕರಿಗೆ ನಾನೇ ಜೋಡಿಸಿಕೊಟ್ಟಿದ್ದೆ. ಆಕೆಯ ತಂಗಿ ಕಳಿಸಿದ ವಾಯ್ಸ್ ಮೆಸೇಜು ನಮ್ಮ ಸ್ಪೀಕರಿನಲ್ಲಿ ಮೊಳಗಿತು: "ಯಕ್ಕಾ, ನೀ ಹೇಳಿದ್ದು ಖರೇ. ಬಾಜೂ ಮನಿ ಸಾರಿನ್ಯಾಗ ಉಪ್ಪ ಇರಂಗಿಲ್ಲ."

ಅಣ್ಣನ ಹೆಂಡತಿ, ನಮ್ಮ ವೈನಿ, ಬಟ್ಟಲ ತುಂಬ ಉಪ್ಪು ತಗೊಂಡು ಬಾಜೂ ಮನೆಗೆ ಹೋಗಿ, "ಬೀಗರ ಸಾರು ನೀವ ಮಾಡಿಬಿಡ್ರೆವ್ವಾ," ಅಂದರು.

೩. ಕನ್ಯಾ ನೋಡುವುದು

ಹುಡುಗ-ಹುಡುಗಿ ಮೊದಲೇ ನೋಡಿಕೊಂಡ ಮದುವೆ ತನ್ನ ಮನೆಯಲ್ಲಿ ಆಗಕೂಡದೆಂದು ಅಣ್ಣನ ಹಟ. ಬೀಗರು ಬಂದು ಕೂತರು. ಹುಡುಗಿ ಚಹಾ ತಂದಳು. ನಾನು ಸ್ಪೀಕರ್ ಚಾಲೂ ಮಾಡಿದೆ. ನನ್ನ ಫೋನು ಮುಟ್ಟುವ ಮೊದಲೇ ಅದು "ಕನೆಕ್ಟೆಡ್" ಅಂದಿತು. ಅಷ್ಟರಲ್ಲಿ ವರನಿಗೆ ಯಾರದೋ ಫೋನು ಬಂತು. ಫೋನು ಅವನ ಕಿಸೆಯಲ್ಲಿ, ರಿಂಗು ನಮ್ಮ ಸ್ಪೀಕರಿನಲ್ಲಿ!

"ಹಿಂಗ್ಯಾಕ ಆತೋ ತಮ್ಮಾ?" ಅಂದ ಅಣ್ಣ.

ವಿದ್ಯೆ ತೋರಿಸಲು ಇಂಥ ಹೊತ್ತು ಮತ್ತೆ ಸಿಕ್ಕೀತೆ? "ಅಣ್ಣಾ, ಇವೆರಡೂ ಹಿಂದೊಮ್ಮೆ ಜೋಡಿ ಆಗಿರಬೇಕು. ಹೊಸಬರ ಫೋನಿಗೆ ಇದು ಓ ಅನ್ನಂಗಿಲ್ಲ."

ಅಂದಮೇಲೆ ತಿಳಿಯಿತು, ಏನಂದೆನೆಂದು. ಹುಡುಗಿ ಇನ್ನೂ ಕುಡಿಯದ ಕಪ್ಪುಗಳನ್ನೇ ವಾಪಸ್ ಎತ್ತತೊಡಗಿದಳು. ವರ ನೆಲ ನೋಡತೊಡಗಿದ.

ವೈನಿ ಬಾಗಿಲ ಹಿಂದಿನಿಂದ ಬಂದರು. "ನೀವು ಚಚಡಿ ಊರಿಗೆ ಹೋದಾಗ ಇವರು ಬಂದಿದ್ರು. ನಾನ ಕರಸಿದ್ನಿ. ಮಗಳನ್ನ ಕೊಡೂ ಮುಂದ ನಾನೂ ನೋಡಬ್ಯಾಡೇನ್ರಿ?"

"ನಾನೂ ಜತಿಗಿದ್ನಿರಿ," ಅಂದರು ವರನ ತಾಯಿ.

"ನಾನೂ ಇದ್ನಿರಿ," ಅಂದರು ವರನ ತಂದೆ, ಸಣ್ಣ ದನಿಯಲ್ಲಿ.

ಅಣ್ಣ ಒಬ್ಬೊಬ್ಬರ ಮುಖ ನೋಡಿದ. "ಹಂಗಾರ ಇವತ್ತ ನೋಡಾಕ ಬಂದಾವ ನಾ ಒಬ್ಬನ ಏನು?" ಅಂದವನೇ ನಕ್ಕುಬಿಟ್ಟ.

ಆಣೆ ಇಟ್ಟವನು, ಅದಕ್ಕೇ ಹೇಳತೇನಿ: ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದ್ದು. ಅಣ್ಣ ನಗಲಿಲ್ಲ. ಎದ್ದು ಹೋಗಿ, ಸಂಬಂಧ ಒಪ್ಪಿದ್ದಕ್ಕೆ ಎಲ್ಲರಿಗೂ ಸಕ್ಕರೆ ತಂದು ಹಂಚಿದ. ಆಗಲೂ ನಗಲಿಲ್ಲ.